ಮರೆವಿಗೆ ಅಣಬೆ ಮಾತ್ರೆ: ಡಬ್ಬಿಯ ಮೇಲಿನ ‘ಔಷಧ ಅಲ್ಲ’ ಅನ್ನುವ ಸಣ್ಣ ಸಾಲನ್ನು ಕನ್ನಡದಲ್ಲಿ ಬರೆಸಿ

ಗೆ,
ಅಧ್ಯಕ್ಷರು, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ನವದೆಹಲಿ
ಹಾಗೂ
ಆಹಾರ ಸುರಕ್ಷತಾ ಆಯುಕ್ತರು, ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವ ಶಿಕ್ಷಕಿ. ಈ ಪತ್ರ ಬರೆಯುತ್ತಿರುವುದು ನನ್ನ ಅಮ್ಮನ ಸಲುವಾಗಿ. ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಮರೆವಿಗೆ ಅಂತ ನಮ್ಮ ಮನೆಯ ಗೂಡಿನಲ್ಲಿ ಏಳು ತಿಂಗಳು ಇದ್ದಂಥದ್ದೇ ಅಣಬೆ ಮಾತ್ರೆಯ ಡಬ್ಬಿ ಇವತ್ತು ನಮ್ಮ ಬೀದಿಯಲ್ಲೇ ಇನ್ನೂ ನಾಲ್ಕು ಮನೆಗಳಲ್ಲಿದೆ. ಅವರೂ ಓದಲಿ ಅಂತ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಅಮ್ಮನಿಗೆ ಈಗ 69 ವರ್ಷ. ಅಪ್ಪ ತೀರಿಕೊಂಡ ಮೇಲೆ ತೆಂಗಿನ ತೋಟವನ್ನು ಅವಳೇ ನಡೆಸಿದಳು. ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಿನ ದಿನ ಕ್ವಿಂಟಾಲ್‌ಗೆ ಎಷ್ಟು ಆಯ್ತು, ಹಿಂದಿನ ವಾರ ಎಷ್ಟಿತ್ತು, ಅದರ ಹಿಂದಿನ ವಾರ ಎಷ್ಟು ಅಂತ ಬಾಯಲ್ಲೇ ಹೇಳುತ್ತಿದ್ದಳು. ಕೂಲಿಯವರ ಲೆಕ್ಕಕ್ಕೆ ಯಾವತ್ತೂ ಪುಸ್ತಕ ಇಟ್ಟವಳಲ್ಲ. ಅಂಥವಳು ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಕಾಯಿ ಕೀಳುವವನಿಗೆ ಒಂದೇ ದಿನ ಎರಡು ಸಲ ದುಡ್ಡು ಕೊಟ್ಟಳು. ಅವನು ಒಳ್ಳೆಯವನು, ಸಂಜೆ ತಂದು ವಾಪಸ್ ಕೊಟ್ಟ. ಆಮೇಲೆ ಒಲೆ ಮೇಲೆ ಹಾಲಿಟ್ಟು ಮರೆಯೋದು ಶುರುವಾಯ್ತು. ಪೇಟೆಯಿಂದ ಬರುವಾಗ ಯಾವ ಬಸ್ ಹತ್ತಬೇಕು ಅಂತ ನಿಂತು ಯೋಚಿಸುವುದು. ಮಾತಿನ ಮಧ್ಯೆ ಪದ ಸಿಗದೆ ಕೈ ಬೀಸಿ ಸುಮ್ಮನಾಗುವುದು. ಯಾವಾಗಲೂ ಸುಸ್ತು. ಪಾದದಲ್ಲಿ ಜೋಮು ಹಿಡಿದ ಹಾಗೆ ಆಗುತ್ತೆ ಅಂತಲೂ ಹೇಳುತ್ತಿದ್ದಳು. ಅದಕ್ಕೂ ಮರೆವಿಗೂ ಸಂಬಂಧ ಇರಬಹುದು ಅಂತ ನನಗೆ ಹೊಳೆಯಲಿಲ್ಲ.

ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಗಾದೆ, ಅರವತ್ತಕ್ಕೆ ಅರಳು ಮರಳು. ಅದನ್ನು ಕೇಳಿ ಕೇಳಿ ನಾವೂ ಡಾಕ್ಟರ ಹತ್ತಿರ ಹೋಗುವುದನ್ನು ಮುಂದಕ್ಕೆ ಹಾಕಿದೆವು. ಈ ತಪ್ಪು ನಮ್ಮದೇ. ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಸಂಕ್ರಾಂತಿ ಹೊತ್ತಿಗೆ ನೆಂಟರೊಬ್ಬರ ಮೂಲಕ ಅಣಬೆ ಮಾತ್ರೆ ಮಾರುವ ಒಂದು ಕಂಪನಿಯ ಪರಿಚಯ ಆಯಿತು. ಪಕ್ಕದ ಊರಿನ ಸಮುದಾಯ ಭವನದಲ್ಲಿ ಉಚಿತ ಆರೋಗ್ಯ ಮಾಹಿತಿ ಕಾರ್ಯಕ್ರಮ ಅಂತ ಕರೆದಿದ್ದರು. ಅರವತ್ತು ಎಪ್ಪತ್ತು ಜನ ಇದ್ದರು. ಹೆಚ್ಚಿನವರು ವಯಸ್ಸಾದವರು, ಜೊತೆಗೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳ ಅಪ್ಪ ಅಮ್ಮಂದಿರು. ಕೋಟು ಹಾಕಿಕೊಂಡಿದ್ದ ಒಬ್ಬರು ಚೆಂದದ ಕನ್ನಡದಲ್ಲಿ ಒಂದು ಗಂಟೆ ಮಾತಾಡಿದರು. ಪರದೆ ಮೇಲೆ ಬಿಳಿ ಗಡ್ಡದ ಹಾಗೆ ಜೋತುಬಿದ್ದ ಒಂದು ಅಣಬೆಯ ಚಿತ್ರ. ಹೆಸರು ಲಯನ್ಸ್ ಮೇನ್, ಸಿಂಹದ ಕೇಸರ. ಇದು ಸತ್ತ ನರವನ್ನು ಮತ್ತೆ ಬೆಳೆಸುತ್ತೆ ಅಂದರು. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಮೂರು ತಿಂಗಳಲ್ಲಿ ವಾಪಸ್ ಹೋಗುತ್ತೆ ಅಂದರು. ಇದಕ್ಕೆ ನೊಬೆಲ್ ಪ್ರಶಸ್ತಿ ಬಂದಿದೆ ಅಂದರು. ಮಕ್ಕಳಿಗೆ ಕೊಟ್ಟರೆ ಓದಿದ್ದು ಮರೆಯುವುದೇ ಇಲ್ಲ ಅಂದರು. ಕಾರ್ಯಕ್ರಮ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜು ಹಾಕಿ ಡಬ್ಬಿ ಮಾರಿದರು. 60 ಮಾತ್ರೆಗೆ 2,400 ರೂಪಾಯಿ. ನಾನೂ ಕೊಂಡೆ. ವಿಜ್ಞಾನ ಪಾಠ ಮಾಡುವವಳು, ನಾನೂ ಕೊಂಡೆ. ಅಮ್ಮ ಮೊದಲಿನ ಹಾಗೆ ಆಗಲಿ ಅನ್ನುವುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

ಅಲ್ಲಿಂದ ಏಳು ಡಬ್ಬಿ ಖಾಲಿಯಾದವು. ಪ್ರತಿ ತಿಂಗಳು ಡಾಕ್ಟರಿಗೆ ತೋರಿಸೋಣ ಅಂದುಕೊಂಡಾಗಲೂ ಕಂಪನಿಯವರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. ಕೋರ್ಸ್ ಮುಗಿಯಲಿ, ಮಧ್ಯೆ ಬೇರೆ ಔಷಧ ಸೇರಿಸಿದರೆ ಇದರ ಗುಣ ಹೋಗುತ್ತೆ. ಆಗಸ್ಟಿನಲ್ಲಿ ಅಮ್ಮ ಬಚ್ಚಲಲ್ಲಿ ತೂಕ ತಪ್ಪಿ ಬಿದ್ದಳು. ಆಗ ಆಸ್ಪತ್ರೆಗೆ ಹೋದೆವು. ಡಾಕ್ಟರು ಕಾಲು ಮುಟ್ಟಿ, ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡಿದರು. ಸಕ್ಕರೆ ಕಾಯಿಲೆಗೆ ಎಷ್ಟು ವರ್ಷದಿಂದ ಮಾತ್ರೆ ಅಂತ ಕೇಳಿದರು. ಹನ್ನೆರಡು ವರ್ಷದಿಂದ ಮೆಟ್‌ಫಾರ್ಮಿನ್. ಮನೆಯಲ್ಲಿ ಮೊಟ್ಟೆ, ಮಾಂಸ ತಿನ್ನುತ್ತೀರಾ? ಇಲ್ಲ. ಹಾಲು, ಮೊಸರು? ಅಮ್ಮನಿಗೆ ಹಾಲು ಸೇರುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಬಿ12 ಇರಬೇಕಾದ್ದಕ್ಕಿಂತ ತುಂಬಾ ಕೆಳಗೆ ಇಳಿದಿತ್ತು. ಆ ಪರೀಕ್ಷೆಗೆ ಕೊಟ್ಟ ದುಡ್ಡು ಒಂದು ಡಬ್ಬಿ ಅಣಬೆ ಮಾತ್ರೆಯ ಅರ್ಧದಷ್ಟೂ ಇರಲಿಲ್ಲ.

ಆಮೇಲೆ ಡಾಕ್ಟರು ವಿವರಿಸಿದರು. ಮರೆವಿಗೆ ನೂರು ಕಾರಣ. ಬಿ12 ಕೊರತೆ, ಥೈರಾಯ್ಡ್ ಕಡಿಮೆಯಾಗುವುದು, ಮನಸ್ಸಿನ ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ತಲೆಗೆ ಪೆಟ್ಟು ಬಿದ್ದು ಒಳಗೆ ನಿಧಾನವಾಗಿ ರಕ್ತ ಕಟ್ಟುವುದು. ಇವೆಲ್ಲ ಬೇಗ ಕಂಡುಹಿಡಿದರೆ ವಾಸಿ ಮಾಡಬಹುದಾದವು. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುವುದು ಗೊತ್ತಿರುವ ವಿಷಯ. ಆದರೆ ಈ ಕೊರತೆ ಬಹಳ ದಿನ ಹಾಗೇ ಉಳಿದರೆ ನರಕ್ಕೆ ಆದ ಹಾನಿ ಪೂರ್ತಿ ವಾಪಸ್ ಬರದೇ ಹೋಗಬಹುದು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಅವರು ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಾನ್ಯರೇ, ಆ ಅಣಬೆ ವಿಷ ಅಂತ ನಾನು ದೂರುತ್ತಿಲ್ಲ. ಮನೆಗೆ ಬಂದ ಮೇಲೆ ಸಿಟ್ಟಿನಲ್ಲೇ ಅದರ ಬಗ್ಗೆ ಓದಲು ಕೂತೆ. ಓದುತ್ತಾ ಓದುತ್ತಾ ಸಿಟ್ಟು ಬೇರೆ ಕಡೆ ತಿರುಗಿತು. ಆ ಅಣಬೆಯ ಹಿಂದೆ ನಿಜವಾದ ವಿಜ್ಞಾನ ಇದೆ. ಚಿಕ್ಕದು, ಎಳೆಯದು, ಆದರೆ ಪ್ರಾಮಾಣಿಕವಾದದ್ದು. ಅದನ್ನೇ ಹಿಡಿದುಕೊಂಡು ನಮ್ಮ ಮುಂದೆ ಸುಳ್ಳು ಕಟ್ಟಿದ್ದಾರೆ.

ಜಪಾನಿನಲ್ಲಿ ಈ ಅಣಬೆಯನ್ನು ಯಮಾಬುಷಿಟಾಕೆ ಅಂತಾರೆ. ಅಲ್ಲಿಯ ಮತ್ತು ಚೀನಾದ ಜನ ಇದನ್ನು ಹಿಂದಿನಿಂದ ಅಡುಗೆಗೆ ಬಳಸುತ್ತಾ ಬಂದಿದ್ದಾರೆ. 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಇದರಿಂದ ಹೆರಿಸಿನೋನ್, ಎರಿನಾಸಿನ್ ಅನ್ನುವ ಎರಡು ಗುಂಪಿನ ವಸ್ತುಗಳನ್ನು ಬೇರ್ಪಡಿಸಿದರು. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಇವು ನರ ಬೆಳವಣಿಗೆಗೆ ಬೇಕಾದ ಒಂದು ಪ್ರೋಟೀನನ್ನು ಹೆಚ್ಚಿಸಿದವು. ಆ ಪ್ರೋಟೀನಿನ ಹೆಸರು ನರ್ವ್ ಗ್ರೋತ್ ಫ್ಯಾಕ್ಟರ್. 1986ರ ನೊಬೆಲ್ ಬಂದದ್ದು ಬೆಳವಣಿಗೆಯ ಇಂಥ ಪ್ರೋಟೀನುಗಳನ್ನು ಕಂಡುಹಿಡಿದ ರೀಟಾ ಲೆವಿ ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೋಹೆನ್ ಅವರಿಗೆ. ಅಣಬೆಗೆ ಯಾರೂ ನೊಬೆಲ್ ಕೊಟ್ಟಿಲ್ಲ. ಸಮುದಾಯ ಭವನದಲ್ಲಿ ಕೂತಿದ್ದ ನಮಗೆ ಇದು ಗೊತ್ತಿರಬೇಕಾಗಿತ್ತು, ಗೊತ್ತಿರಲಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಎಲ್ಲರೂ ಹೇಳುವುದು 2009ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನ. ಅದರಲ್ಲಿ ಇದ್ದವರು 30 ಜನ. ವಯಸ್ಸು 50ರಿಂದ 80. ಸ್ವಲ್ಪ ಮರೆವು ಶುರುವಾಗಿದ್ದವರು, ಡಿಮೆನ್ಷಿಯಾದ ಮಟ್ಟಕ್ಕೆ ಹೋಗಿರಲಿಲ್ಲ. ಅರ್ಧ ಜನರಿಗೆ ಅಣಬೆ ಪುಡಿಯ ಮಾತ್ರೆ, ಅರ್ಧ ಜನರಿಗೆ ಅದೇ ಥರ ಕಾಣುವ ಹುಸಿ ಮಾತ್ರೆ. 250 ಮಿಲಿಗ್ರಾಂನ ನಾಲ್ಕು ಮಾತ್ರೆ ದಿನಕ್ಕೆ ಮೂರು ಸಲ, ಅಂದರೆ ದಿನಕ್ಕೆ 3 ಗ್ರಾಂ. 16 ವಾರ. ನೆನಪು, ಬುದ್ಧಿ ಅಳೆಯುವ ಪರೀಕ್ಷೆಯಲ್ಲಿ ಅಣಬೆ ತಿಂದವರ ಅಂಕ ಏರಿತು. ಇದು ಸಂತೋಷದ ಸುದ್ದಿಯೇ. ಆದರೆ ಮಾತ್ರೆ ನಿಲ್ಲಿಸಿ ನಾಲ್ಕು ವಾರ ಆಗುವಷ್ಟರಲ್ಲಿ ಆ ಅಂಕ ಮತ್ತೆ ಇಳಿಯಿತು. ಈ ಎರಡನೇ ಮಾತನ್ನು ನಮ್ಮ ಮುಂದೆ ಯಾರೂ ಹೇಳಲಿಲ್ಲ. ನನ್ನ ಅಮ್ಮ ತಿಂದದ್ದು ದಿನಕ್ಕೆ 500 ಮಿಲಿಗ್ರಾಂನ ಎರಡು ಮಾತ್ರೆ, ಒಟ್ಟು 1 ಗ್ರಾಂ. ಪರೀಕ್ಷೆಯಲ್ಲಿ ಕೊಟ್ಟದ್ದರ ಮೂರರಲ್ಲಿ ಒಂದು ಪಾಲು. ಹಾಗಾದರೆ ಆ ಅಧ್ಯಯನದ ಹೆಸರಲ್ಲಿ ನಮಗೆ ಮಾರಿದ್ದು ಏನನ್ನು?

ಆಮೇಲೂ ಕೆಲವು ಅಧ್ಯಯನ ಬಂದಿವೆ. 2023ರಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದವರು 18ರಿಂದ 45 ವರ್ಷದ 41 ಜನ ಆರೋಗ್ಯವಂತರಿಗೆ 1.8 ಗ್ರಾಂ ಕೊಟ್ಟು ನೋಡಿದರು. ಒಂದು ಗಂಟೆ ನಂತರ ಒಂದು ಪರೀಕ್ಷೆಯಲ್ಲಿ ಉತ್ತರ ಸ್ವಲ್ಪ ಬೇಗ ಬಂತು. ಬೇರೆ ಹೆಚ್ಚಿನ ಪರೀಕ್ಷೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೈವಾನಿನಲ್ಲಿ ಅಲ್ಜೈಮರ್ಸ್ ಅನ್ನುವ ಮರೆವಿನ ಕಾಯಿಲೆಯ ಮೊದಲ ಹಂತದವರ ಮೇಲೆ 49 ವಾರ ಒಂದು ಸಣ್ಣ ಪ್ರಯೋಗ ನಡೆದಿದೆ. ಅವರು ಬಳಸಿದ್ದು ಎರಿನಾಸಿನ್ ಎ ಎಷ್ಟಿದೆ ಅಂತ ಅಳೆದು ತಯಾರಿಸಿದ ಮಾತ್ರೆ. ಆಶೆ ಹುಟ್ಟಿಸುವ ಸುಳಿವುಗಳು ಅಲ್ಲೂ ಇವೆ. ಆದರೆ ಮೂವತ್ತು, ನಲವತ್ತು ಜನರ ಪರೀಕ್ಷೆಯಿಂದ ಔಷಧ ಆಗುವುದಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಇದನ್ನೇ ಹೇಳಿಕೊಡುತ್ತೇನೆ.

ಇನ್ನೊಂದು ಅಣಬೆ ಇದೆ, ರೇಶಿ. ಅದರ ವೈಜ್ಞಾನಿಕ ಹೆಸರು ಗ್ಯಾನೊಡರ್ಮಾ. ಕಾಫಿ ಪುಡಿಗೆ ಬೆರೆಸಿ, ಮಾತ್ರೆ ಮಾಡಿ, ಬುದ್ಧಿ ಚುರುಕಾಗುತ್ತೆ ಅಂತ ಮನೆ ಮನೆಗೆ ತಂದು ಮಾರುತ್ತಾರೆ. ಈ ಹೆಸರು ನಮ್ಮ ಕಡೆಯ ತೆಂಗಿನ ರೈತರಿಗೆ ಹೊಸದಲ್ಲ. ತೆಂಗಿಗೂ ಅಡಿಕೆಗೂ ಬರುವ ಅಣಬೆ ರೋಗಕ್ಕೆ ಕಾರಣ ಇದೇ ಗ್ಯಾನೊಡರ್ಮಾ ಕುಲದ ಅಣಬೆಗಳು. ಬುಡದಿಂದ ಕಂದು ಬಣ್ಣದ ರಸ ಸೋರುತ್ತೆ, ಗರಿ ಜೋತು ಬೀಳುತ್ತೆ, ಕೊನೆಗೆ ಬುಡದಲ್ಲಿ ತಟ್ಟೆಯ ಹಾಗೆ ಅಣಬೆ ಏಳುತ್ತೆ. ಅಷ್ಟರಲ್ಲಿ ಮರ ಕೈಬಿಟ್ಟಿರುತ್ತೆ. ಅಪ್ಪ ಅಂಥ ಮರದ ಸುತ್ತ ಕಂದಕ ತೋಡಿ, ಬೇರೆ ಮರಕ್ಕೆ ಹರಡದಿರಲಿ ಅಂತ ಹಗಲೆಲ್ಲ ಗುದ್ದಲಿ ಹಿಡಿದು ನಿಲ್ಲುತ್ತಿದ್ದರು. ಹೋದ ವರ್ಷ ನನ್ನ ಹತ್ತನೇ ಕ್ಲಾಸಿನ ಹುಡುಗನೊಬ್ಬ ಅದೇ ತಟ್ಟೆ ಅಣಬೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದ. ‘ಮೇಡಂ, ಇದನ್ನ ಒಣಗಿಸಿ ಪುಡಿ ಮಾಡಿ ಹಾಲಲ್ಲಿ ಕುಡಿದ್ರೆ ಪರೀಕ್ಷೆಗೆ ನೆನಪು ಜಾಸ್ತಿ ಆಗುತ್ತಂತೆ, ಹೌದಾ?’ ಅಂದ. ಅವನ ಅಮ್ಮ ಅದೇ ಸಮುದಾಯ ಭವನಕ್ಕೆ ಹೋಗಿದ್ದರು. ಡಬ್ಬಿ ಕೊಳ್ಳಲು ದುಡ್ಡು ಇರಲಿಲ್ಲ. ತೋಟದಲ್ಲಿ ಇತ್ತಲ್ಲ ಅಂತ ಮಗ ಕಿತ್ತುಕೊಂಡು ಬಂದಿದ್ದ. ನಾನು ಅದನ್ನು ಕಿತ್ತುಕೊಂಡು, ಗುರುತಿಲ್ಲದ ಅಣಬೆ ಬಾಯಿಗೆ ಹಾಕಬಾರದು ಅಂತ ಇಡೀ ತರಗತಿಗೆ ಪಾಠ ಮಾಡಿದೆ. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ರೇಶಿ ಅಲ್ಜೈಮರ್ಸ್‌ಗೆ ಏನು ಮಾಡುತ್ತೆ? 2018ರಲ್ಲಿ ಪ್ರಕಟವಾದ ಚೀನಾದ ಒಂದು ಪ್ರಯೋಗದಲ್ಲಿ 42 ರೋಗಿಗಳ ಮೇಲೆ ಆರು ವಾರ ಅದರ ಬೀಜಾಣು ಪುಡಿಯನ್ನು ಪರೀಕ್ಷಿಸಿದರು. ಹುಸಿ ಮಾತ್ರೆಗೂ ಅದಕ್ಕೂ ಗಣನೆಗೆ ಬರುವ ವ್ಯತ್ಯಾಸ ಕಾಣಲಿಲ್ಲ. ರೇಶಿ ಪುಡಿ ತಿಂದು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಹಾಂಗ್‌ಕಾಂಗ್, ಥಾಯ್ಲೆಂಡ್‌ನಿಂದ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಅವು ಕೆಲವೇ ಪ್ರಕರಣ, ನಿಜ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಇದರ ಜೊತೆ ಹುಷಾರಾಗಿರಬೇಕು ಅಂತಲೂ ಎಚ್ಚರಿಕೆ ಇದೆ. ನಮ್ಮ ಬೀದಿಯ ಒಬ್ಬ ತಾತನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ, ಅಂಥವರಿಗೆ ಕೊಡುವುದು ಇಂಥ ಮಾತ್ರೆಗಳನ್ನೇ. ಅವರ ಮನೆಯಲ್ಲೂ ಡಬ್ಬಿ ಇದೆ. ಮಾರಿದವರು ಬೇರೆ ಯಾವ ಮಾತ್ರೆ ನುಂಗುತ್ತೀರಿ ಅಂತ ಅವರನ್ನು ಒಂದು ಮಾತೂ ಕೇಳಲಿಲ್ಲ.

ಈಗ ಡಬ್ಬಿಯ ಮಾತಿಗೆ ಬರುತ್ತೇನೆ. ನಮ್ಮ ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ ಮಿದುಳಿನ ಚಿತ್ರ, ಇಂಗ್ಲಿಷಿನಲ್ಲಿ ನೆನಪು, ಏಕಾಗ್ರತೆ ಅನ್ನುವ ಮಾತುಗಳು. ಹಿಂದೆ, ಅಕ್ಕಿ ಕಾಳಿಗಿಂತ ಸಣ್ಣ ಅಕ್ಷರದಲ್ಲಿ, ಇದು ಔಷಧವಾಗಿ ಬಳಸಲು ಅಲ್ಲ ಅನ್ನುವ ಅರ್ಥದ ಒಂದು ಇಂಗ್ಲಿಷ್ ಸಾಲು. ನಿಮ್ಮ 2016ರ ನಿಯಮಾವಳಿಯ ಪ್ರಕಾರ ಇಂಥ ಪೂರಕ ಆಹಾರಗಳ ಮೇಲೆ ಆ ಸಾಲು ಇರಲೇಬೇಕು. ಒಳ್ಳೆಯ ನಿಯಮ. ಆದರೆ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು, ಬೇರೆ ಭಾಷೆ ಅವರವರ ಇಷ್ಟ. ನನ್ನ ಅಮ್ಮ ಕನ್ನಡ ಓದುತ್ತಾಳೆ. ಪೇಪರ್ ಬಿಡದೆ ಓದುತ್ತಾಳೆ. ಆಸೆ ತೋರಿಸುವ ಮಾತನ್ನೆಲ್ಲ ಅವಳಿಗೆ ಕನ್ನಡದಲ್ಲಿ ಹೇಳಿದರು. ಎಚ್ಚರಿಕೆಯ ಮಾತು ಮಾತ್ರ ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿ ಇತ್ತು. ನನ್ನ ದೂರಿನ ತಿರುಳು ಇದು.

ಆದ್ದರಿಂದ ನನ್ನ ಮೊದಲ ಕೋರಿಕೆ ಪ್ರಾಧಿಕಾರದ ಅಧ್ಯಕ್ಷರಿಗೆ. ನೆನಪು, ಮಿದುಳು, ನರ ಅಂತ ಹೇಳಿ ಮಾರುವ ಪ್ರತಿ ಡಬ್ಬಿಯ ಮೇಲೂ ಈ ಸಾಲನ್ನು ಮಾರುವ ರಾಜ್ಯದ ಭಾಷೆಯಲ್ಲಿ ಕಡ್ಡಾಯ ಮಾಡಿ. ‘ಇದು ಔಷಧ ಅಲ್ಲ’ ಅಂತ, ಡಬ್ಬಿಯ ಮುಂಭಾಗದಲ್ಲಿ, ಬ್ರ್ಯಾಂಡಿನ ಹೆಸರು ಕಾಣುವಷ್ಟೇ ಸ್ಪಷ್ಟವಾಗಿ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ಮರೆವು ಹೆಚ್ಚುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ.’ ಈ ಎರಡು ಸಾಲು ನಮ್ಮ ಡಬ್ಬಿಯ ಮೇಲೆ ಇದ್ದಿದ್ದರೆ ಅಮ್ಮನೇ ಓದಿ ನನಗೆ ತೋರಿಸುತ್ತಿದ್ದಳು.

ಡಬ್ಬಿಯ ಒಳಗೆ ಏನಿದೆ ಅನ್ನುವುದೂ ಗೊತ್ತಾಗಬೇಕು. ಅಣಬೆ ಪುಡಿ 500 ಮಿಲಿಗ್ರಾಂ ಅಂತ ಬರೆದರೆ ಏನೂ ಹೇಳಿದ ಹಾಗಾಗಲಿಲ್ಲ. ಹೆರಿಸಿನೋನ್ ಸಿಗುವುದು ನಾವು ಕಣ್ಣಿಗೆ ಕಾಣುವ ಅಣಬೆಯಲ್ಲಿ. ಎರಿನಾಸಿನ್ ಸಿಗುವುದು ಒಳಗೆ ಹರಡುವ ಬಿಳಿ ನೂಲಿನ ಜಾಲದಲ್ಲಿ, ಮೈಸೀಲಿಯಂ ಅನ್ನುತ್ತಾರಲ್ಲ, ಅದರಲ್ಲಿ. ಆ ಜಾಲವನ್ನು ಹೆಚ್ಚಾಗಿ ಅಕ್ಕಿ, ಓಟ್ಸ್ ಕಾಳಿನ ಮೇಲೆ ಬೆಳೆಸುತ್ತಾರೆ. ಕಾಳಿನ ಸಮೇತ ಪುಡಿ ಮಾಡಿದರೆ ಡಬ್ಬಿಯಲ್ಲಿ ಅಣಬೆಗಿಂತ ಹಿಟ್ಟೇ ಜಾಸ್ತಿ ಇರಬಹುದು. ಕೊಳ್ಳುವವರಿಗೆ ಅದು ತಿಳಿಯುವುದು ಹೇಗೆ? ಅಮೆರಿಕದಲ್ಲಿ ಮಾರಾಟಕ್ಕಿದ್ದ 19 ರೇಶಿ ಉತ್ಪನ್ನಗಳನ್ನು ಪರೀಕ್ಷೆ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲೇಬಲ್ಲಿಗೆ ತಕ್ಕ ಹಾಗೆ ಇದ್ದದ್ದು ಐದು ಮಾತ್ರ. ಅಲ್ಲೇ ಹೀಗಾದರೆ ನಮ್ಮ ಊರಿನ ಮೇಜಿನ ಮೇಲೆ ಮಾರುವ ಡಬ್ಬಿಗಳನ್ನು ಯಾರಾದರೂ ನೋಡಲೇಬೇಕು, ಅಲ್ವಾ? ಯಾವ ಅಣಬೆ, ಅದರ ಯಾವ ಭಾಗ, ಯಾವುದರ ಮೇಲೆ ಬೆಳೆಸಿದ್ದು, ಅಣಬೆಯ ಅಂಶ ಎಷ್ಟು, ಪಿಷ್ಟ ಎಷ್ಟು. ಇಷ್ಟನ್ನೂ ಲೇಬಲ್ಲಿನಲ್ಲಿ ಬರೆಸಿ.

ಆಯುಕ್ತರೇ, ನಿಮ್ಮಲ್ಲಿ ನನ್ನ ಕೋರಿಕೆ ಇನ್ನೂ ತುರ್ತಿನದು. 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೇ ಕಲಂನಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಅದಕ್ಕೂ ಹಳೆಯದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ. ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳೂ ಸೇರಿವೆ. ಆ ಕಾಯ್ದೆಯಲ್ಲಿ ಬಾಯಿಮಾತಿನ ಪ್ರಚಾರವೂ ಜಾಹೀರಾತೇ. ಅಂದರೆ ಸಮುದಾಯ ಭವನದಲ್ಲಿ ಮೈಕ್ ಹಿಡಿದು ಡಿಮೆನ್ಷಿಯಾ ವಾಪಸ್ ಹೋಗುತ್ತೆ ಅಂದದ್ದೂ ಲೆಕ್ಕಕ್ಕೆ ಬರಬೇಕು. ಇಂಥ ಕಾರ್ಯಕ್ರಮಗಳು ಗುಟ್ಟಾಗಿ ನಡೆಯುವುದಿಲ್ಲ. ಮೂರು ದಿನ ಮೊದಲೇ ಆಟೋದಲ್ಲಿ ಮೈಕ್ ಕಟ್ಟಿ ಸಾರುತ್ತಾರೆ. ನಿಮ್ಮ ತಾಲ್ಲೂಕು ಅಧಿಕಾರಿಗಳು ಜನರ ಮಧ್ಯೆ ಹೋಗಿ ಕೂತು ಕೇಳಲಿ. ಆರೋಗ್ಯದ ಹೆಸರಲ್ಲಿ ಸಭೆ ಕರೆದು ಡಬ್ಬಿ ಮಾರುವವರು ಮೊದಲು ಸ್ಥಳೀಯ ಆಹಾರ ಸುರಕ್ಷತಾ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು ಅನ್ನುವ ಪದ್ಧತಿ ತನ್ನಿ.

ಮಾದರಿಗಳನ್ನು ಎತ್ತಿ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಹೆಸರು ಸಮೇತ ಕನ್ನಡದಲ್ಲಿ ಪ್ರಕಟಿಸಿ. ಕೊಂಡವರೂ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು ಅಂತ ಕಾಯ್ದೆಯ 40ನೇ ಕಲಂ ಹೇಳುತ್ತದೆ. ಓದಿ ಸಂತೋಷ ಆಯಿತು. ಆದರೆ ಹಾಗೆ ಮಾಡಿಸುತ್ತೇವೆ ಅಂತ ಕೊಳ್ಳುವಾಗಲೇ ಮಾರುವವರಿಗೆ ಹೇಳಿರಬೇಕಂತೆ. ನಂಬಿ ಕೊಳ್ಳುವ ಹೊತ್ತಿನಲ್ಲಿ ಯಾರು ಹಾಗೆ ಹೇಳುತ್ತಾರೆ? ಅನುಮಾನ ಬರುವುದು ಮಾತ್ರೆ ಕೆಲಸ ಮಾಡದಿದ್ದಾಗ. ಆ ದಾರಿಯನ್ನು ನಮ್ಮಂಥವರಿಗೆ ಸ್ವಲ್ಪ ಸಲೀಸು ಮಾಡಿಕೊಡಿ.

ಇದು ನಮ್ಮ ಒಂದು ಮನೆಯ ವಿಷಯ ಅಲ್ಲ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ, ನೂರಕ್ಕೆ ಏಳಕ್ಕಿಂತ ಹೆಚ್ಚು ಜನ. ನಮ್ಮ ರಾಜ್ಯವೇ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಮಿದುಳಿನ ಆರೋಗ್ಯಕ್ಕೆ ಅಂತ ಒಂದು ಕಾರ್ಯಕ್ರಮ ಶುರುಮಾಡಿದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಅದಕ್ಕಾಗಿ ಕ್ಲಿನಿಕ್ ತೆರೆಯುತ್ತಾ ಬಂದಿದೆ. ಬಹಳ ಒಳ್ಳೆಯ ಕೆಲಸ. ಆದರೆ ಅಂಥದ್ದೊಂದು ಇದೆ ಅಂತ ನನಗೆ ಗೊತ್ತಾದದ್ದು ಅಮ್ಮ ಬಿದ್ದ ಮೇಲೆ. ಅಣಬೆ ಮಾತ್ರೆಯ ವಿಷಯ ಮಾತ್ರ ಆಟೋ ಮೈಕಿನಿಂದ ಮನೆ ಬಾಗಿಲಿಗೇ ಬಂತು. ಕ್ಲಿನಿಕ್ಕಿನ ಸುದ್ದಿಯೂ ಹಾಗೆ ಬರಲಿ. ಆಶಾ ಕಾರ್ಯಕರ್ತೆಯರ ಮೂಲಕ ಬರಲಿ. ಮರೆವು ಅಂತ ಬಂದವರಿಗೆ ಮೊದಲು ಬಿ12, ಥೈರಾಯ್ಡ್ ನೋಡುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲೇ ಆಗಲಿ. ಇದು ನಿಮ್ಮ ಇಲಾಖೆಯ ಕೆಲಸ ಅಲ್ಲ ಅಂತ ಗೊತ್ತು. ಆರೋಗ್ಯ ಸಚಿವರಿಗೂ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ.

ಒಂದು ಮಾತು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ನನ್ನ ಪತ್ರ ಓದಿ ಅಣಬೆ ಬೆಳೆಯುವವರಿಗೆ ತೊಂದರೆ ಆಗಬಾರದು. ನಮ್ಮ ಸುತ್ತ ಎಷ್ಟೋ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದು ನಾಲ್ಕು ಕಾಸು ಕಾಣುತ್ತಿದ್ದಾರೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ತರಬೇತಿಯೂ ಸಿಗುತ್ತದೆ, ಅಣಬೆ ಬೀಜವೂ ಸಿಗುತ್ತದೆ. ಅವರು ಬೆಳೆಯುವುದು ಒಳ್ಳೆಯ ಆಹಾರ. ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದವರು 60 ದಾಟಿದ 663 ಜನರನ್ನು ಗಮನಿಸಿ 2019ರಲ್ಲಿ ಬರೆದಿದ್ದಾರೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಅಣಬೆ ತಿನ್ನುವವರಲ್ಲಿ ಮರೆವಿನ ಮೊದಲ ಹಂತ ಕಾಣಿಸುವ ಸಂಭವ ಸುಮಾರು ಅರ್ಧದಷ್ಟು ಕಡಿಮೆ ಇತ್ತು. ಅವರು ತಿಂದದ್ದು ಮಾಮೂಲಿ ಅಣಬೆಗಳು, ಚಿಪ್ಪಣಬೆ, ಬಟನ್ ಅಣಬೆ, ಶಿಟಾಕೆ ಇಂಥವು. ಅಣಬೆಯಿಂದಲೇ ಹಾಗಾಯಿತು ಅಂತ ಆ ಅಧ್ಯಯನ ಸಾಬೀತು ಮಾಡಿಲ್ಲ. ಅದನ್ನು ಬರೆದವರೇ ಹಾಗೆ ಹೇಳಿಕೊಂಡಿಲ್ಲ. ಆದರೂ ಅಣಬೆ ಸಾರು ಮಾಡಿ ತಿನ್ನಿ ಅಂತ ನಾನು ಯಾರಿಗೆ ಬೇಕಾದರೂ ಹೇಳುತ್ತೇನೆ.

ಅಮ್ಮನ ತವರು ತೀರ್ಥಹಳ್ಳಿ ಕಡೆ. ಚಿಕ್ಕವರಿದ್ದಾಗ ಪರೀಕ್ಷೆ ಬಂತೆಂದರೆ ನಮಗೆ ಒಂದೆಲಗದ ತಂಬುಳಿ. ಬುದ್ಧಿಗೆ ಒಳ್ಳೆಯದು, ತಿನ್ನು ಅನ್ನುತ್ತಿದ್ದಳು. ಮುಂಗಾರಿನ ಮೊದಲ ಗುಡುಗಿಗೆ ಹುತ್ತದ ಮೇಲೆ ಏಳುವ ಅಣಬೆ ತಂದು ಪಲ್ಯ ಮಾಡುತ್ತಿದ್ದಳು. ಅನ್ನದ ಜೊತೆ ತಿನ್ನುವಾಗ ಯಾರೂ ಅದನ್ನು ಔಷಧ ಅಂತ ನಂಬಿ ಆಸ್ಪತ್ರೆ ಬಿಟ್ಟವರಲ್ಲ. ಜ್ವರ ಬಂದರೆ ತಂಬುಳಿಯೂ ಇತ್ತು, ಡಾಕ್ಟರೂ ಇದ್ದರು. ಲಯನ್ಸ್ ಮೇನ್ ಕೂಡ ಹಾಗೆ ಅಡುಗೆ ಮನೆಗೆ ಬರಲಿ, ಬೇಡ ಅನ್ನುವವಳಲ್ಲ ನಾನು. ಅದರಲ್ಲಿ ಮರೆವಿಗೆ ನಿಜವಾಗಿ ಏನಾದರೂ ಇದ್ದರೆ, ನಮ್ಮಲ್ಲೇ ನಿಮ್ಹಾನ್ಸ್ ಇದೆ, ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಇದೆ. ಆ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ಅಂಥವರು ನಮ್ಮ ಜನರ ಮೇಲೆ ಸರಿಯಾಗಿ ಪರೀಕ್ಷೆ ಮಾಡಿ ಹೇಳಲಿ. ಆವತ್ತು ನಾನೇ ಸಾಲಿನಲ್ಲಿ ನಿಂತು ಕೊಳ್ಳುತ್ತೇನೆ.

ಅಮ್ಮನಿಗೆ ಈಗ ತಿಂಗಳಿಗೊಮ್ಮೆ ಬಿ12 ಇಂಜೆಕ್ಷನ್. ಮೂರು ತಿಂಗಳಲ್ಲಿ ಸುಸ್ತು ಹೋಯಿತು. ಪದಗಳು ವಾಪಸ್ ಬಂದವು. ಹೋದ ವಾರ ಕೊಬ್ಬರಿ ದರ ಕೇಳಿ, ಹಿಂದಿನ ಹರಾಜಿಗಿಂತ ಎಷ್ಟು ಇಳಿದಿದೆ ಅಂತ ಅವಳೇ ಲೆಕ್ಕ ಹಾಕಿದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಆದರೆ ಪಾದದ ಜೋಮು ಹೋಗಿಲ್ಲ. ಕತ್ತಲಲ್ಲಿ ನಡೆಯಲು ಗೋಡೆ ಹಿಡಿಯಬೇಕು. ತೋಟಕ್ಕೆ ಒಬ್ಬಳೇ ಹೋಗುವಂತಿಲ್ಲ. ಇನ್ನೆಷ್ಟು ಸರಿಹೋಗುತ್ತೆ ಅಂತ ಡಾಕ್ಟರಿಗೂ ಹೇಳಲು ಆಗುತ್ತಿಲ್ಲ. ಜನವರಿಯಲ್ಲೇ ಬಂದಿದ್ದರೆ ಚೆನ್ನಾಗಿತ್ತು ಅಂದರು.

ಖಾಲಿ ಡಬ್ಬಿಗಳು, ರಸೀದಿಗಳು, ಆ ಕಾರ್ಯಕ್ರಮದ ಕರಪತ್ರ ಎಲ್ಲ ನನ್ನ ಹತ್ತಿರ ಇವೆ. ಎಂಟನೇ ಡಬ್ಬಿಯಲ್ಲಿ 22 ಮಾತ್ರೆ ಉಳಿದಿವೆ. ಕಾನೂನಿನ ಲೆಕ್ಕದಲ್ಲಿ ಅವು ಮಾದರಿ ಆಗುತ್ತವೋ ಇಲ್ಲವೋ, ನಿಮ್ಮ ಪ್ರಯೋಗಾಲಯದವರು ಕೇಳಿದ ದಿನ ರಜೆ ಹಾಕಿ ನಾನೇ ಬೆಂಗಳೂರಿಗೆ ತಂದುಕೊಡುತ್ತೇನೆ. ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಜ್ಞಾನ ಶಿಕ್ಷಕಿ
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ